ಪದವಿಪೂರ್ವದ ಹೊಸ್ತಿಲಲ್ಲಿ ನಮ್ಮ ಮಕ್ಕಳು

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮಾರನೆಯ ದಿನದಿಂದಲೇ ಗುರುನಿವಾಸದ ಜಗಲಿಯಲ್ಲಿ ತಂದೆತಾಯಂದಿರು ಕಾದು ಕುಳಿತಿರುತ್ತಾರೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳಿಂದ ಮೊದಲ ಬಸ್ಸಿಗೇ ಹೊರಟು ಬಂದವರೂ ಅವರಲ್ಲಿರುತ್ತಾರೆ. ಎಲ್ಲರ ಕೋರಿಕೆಯೂ ಒಂದೇ: ಮಂಗಳೂರಿನದೋ ಬೆಂಗಳೂರಿನದೋ ಕಥೋಲಿಕ ಪದವಿಪೂರ್ವ ಕಾಲೇಜಿಗೆ ಒಂದು ಶಿಫಾರಸು ಪತ್ರ. ಮಗನನ್ನೋ ಮಗಳನ್ನೋ ಅಲ್ಲಿಗೆ ಸೇರಿಸಿದರೆ ಬದುಕು ದಡ ಸೇರಿದಂತೆ ಎಂಬುದು ಅವರ ದೃಢವಾದ ನಂಬಿಕೆ.

ಈ ನಂಬಿಕೆ ನಿರಾಧಾರವಾದುದಲ್ಲ. ಇಟಲಿಯಿಂದ ಬಂದ ಯೇಸುಸಭೆಯ ಗುರುಗಳು 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. 1882ರಲ್ಲಿ ಬೆಂಗಳೂರಿನಲ್ಲಿ ಸಂತ ಜೋಸೆಫರ ಕಾಲೇಜು ಸ್ಥಾಪನೆಯಾಯಿತು. 1921ರಲ್ಲಿ ಅಪೋಸ್ತೊಲಿಕ್ ಕಾರ್ಮೆಲ್ ಸಭೆಯ ಧರ್ಮಭಗಿನಿಯರು ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನು ತೆರೆದರು. ಇಂಥ ಸಂಸ್ಥೆಗಳ ನೆರಳಿನಲ್ಲಿ ಕರಾವಳಿಯ ಸಾವಿರಾರು ಕುಟುಂಬಗಳು ಮೂರು ನಾಲ್ಕು ತಲೆಮಾರುಗಳಲ್ಲಿ ತಲೆಯೆತ್ತಿ ನಿಂತವು.

ಅದೇ ಕಾಲದಲ್ಲಿ ನಮ್ಮ ಕೊಪ್ಪಳವು ನಿಜಾಮರ ಸಂಸ್ಥಾನದೊಳಗೆ ಸಾಲಾರ್ ಜಂಗರ ಜಹಗೀರಾಗಿತ್ತು. ನೆರೆಯ ಮುದಗಲ್ಲಿನಲ್ಲಿ 16ನೇ ಶತಮಾನದಿಂದಲೂ ಕಥೋಲಿಕ ಸಮುದಾಯವಿದೆ. ಅಂದರೆ ಈ ಸೀಮೆಗೆ ಶುಭಸಂದೇಶ ಬಹಳ ಮುಂಚೆಯೇ ಬಂದಿತು; ಉನ್ನತ ಶಿಕ್ಷಣ ಮಾತ್ರ ಬಹುಕಾಲ ದೂರವೇ ಉಳಿಯಿತು. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿಯೂ ಜಿಲ್ಲೆಯ ಸಾಕ್ಷರತೆ ಶೇಕಡಾ 68ರಷ್ಟಿದ್ದರೆ, ಸ್ತ್ರೀಯರ ಸಾಕ್ಷರತೆ ಶೇಕಡಾ 58ನ್ನು ಮುಟ್ಟಿರಲಿಲ್ಲ. ಗಂಗಾವತಿಯ ಗದ್ದೆಗಳಿಗೆ ತುಂಗಭದ್ರೆಯ ಕಾಲುವೆ ನೀರು ಹರಿಯಿತು. ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯ ಜನರಲ್ಲಿ ಅನೇಕರು ಇಂದಿಗೂ ಕಟ್ಟಡ ಕೆಲಸ ಹುಡುಕಿಕೊಂಡು ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ.

ಅಂಥ ಒಂದು ಕುಟುಂಬದ ಹುಡುಗಿ ಕೆಲವು ವರ್ಷಗಳ ಹಿಂದೆ ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 81 ಅಂಕ ಪಡೆದಳು. ತಂದೆತಾಯಿ ದುಡಿಯಲು ಹೋಗಿದ್ದರು. ಅಜ್ಜಿಯೇ ಅವಳನ್ನು ಸಾಕಿದ್ದಳು. ಬಿ.ಎಸ್ಸಿ. ನರ್ಸಿಂಗ್ ಓದಬೇಕೆಂಬುದು ಅವಳ ಆಸೆ. ನಾನು ಪತ್ರ ಬರೆದೆ. ದೂರದ ಊರಿನ ಕಾಲೇಜೊಂದರಲ್ಲಿ ವಿಜ್ಞಾನ ವಿಭಾಗದಲ್ಲಿ ಸ್ಥಳ ದೊರೆಯಿತು. ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದೆ. ದಸರಾ ರಜೆಗೆ ಬಂದವಳು ಮರಳಿ ಹೋಗಲಿಲ್ಲ. ಛಲವಿರಬೇಕು, ಪ್ರಾರ್ಥಿಸಬೇಕು ಎಂದು ನಾನು ಉಪದೇಶಿಸಿದೆ. ತಲೆ ತಗ್ಗಿಸಿಯೇ ಆಕೆ ಉತ್ತರಿಸಿದಳು: “ಫಾದರ್, ದ್ಯುತಿಸಂಶ್ಲೇಷಣೆ ಅಂದ್ರ ಏನಂತ ನನಗ ಗೊತ್ತೈತ್ರಿ. ಅವ್ರು ಇಂಗ್ಲಿಷಿನ್ಯಾಗ ಹೇಳಿದಾಗ ಅದ ಇದು ಅಂತ ತಿಳೀಲಿಲ್ರಿ. ಎದ್ದು ಕೇಳಾಕ ನಾಚಿಕಿ ಆತು.”

ನನ್ನ ಬಳಿ ಉತ್ತರವಿರಲಿಲ್ಲ. ಮರುವರ್ಷ ಅವಳು ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಸೇರಿ ಉತ್ತೀರ್ಣಳಾದಳು. ಆದರೆ ಮೊದಲಿನ ಆಸೆ ಅಲ್ಲಿಗೇ ನಿಂತಿತು.

ಸಂತ ತೋಮಾಸ್ ಅಕ್ವಿನಾಸರು ಬೋಧನೆಯ ಸ್ವರೂಪವನ್ನು ಚರ್ಚಿಸುವಾಗ ಗುರುವನ್ನು ವೈದ್ಯನಿಗೆ ಹೋಲಿಸುತ್ತಾರೆ. ರೋಗಿಯ ದೇಹವೇ ಆರೋಗ್ಯದ ಕಡೆಗೆ ಮರಳುತ್ತದೆ, ವೈದ್ಯನು ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ಅರಿಯುವುದು ವಿದ್ಯಾರ್ಥಿಯ ಸ್ವಂತ ಬುದ್ಧಿ, ಗುರುವು ಅದನ್ನು ತಿಳಿದುದರಿಂದ ತಿಳಿಯದುದರ ಕಡೆಗೆ ನಡೆಸುತ್ತಾನೆ. ಈ ಹುಡುಗಿಗೆ ವಿಷಯ ತಿಳಿದಿತ್ತು, ಹೆಸರು ತಿಳಿದಿರಲಿಲ್ಲ. ಆ ಎರಡರ ನಡುವೆ ಒಂದು ಹಲಗೆಯನ್ನು ಇಡುವವರಿರಲಿಲ್ಲ. ನನ್ನನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ.

ಪದವಿಪೂರ್ವ ಎಂಬ ಹೆಸರೇ ಸಿದ್ಧಗೊಳಿಸುವ ಕಾರ್ಯವನ್ನು ಸೂಚಿಸುತ್ತದೆ. ಮೊದಲೇ ಸಿದ್ಧರಾಗಿ ಬಂದವರನ್ನು ಮಾತ್ರ ಆರಿಸಿಕೊಂಡು ಶೇಕಡಾ ನೂರು ಫಲಿತಾಂಶ ಘೋಷಿಸುವುದು, ಆರೋಗ್ಯವಂತರನ್ನಷ್ಟೇ ದಾಖಲಿಸಿಕೊಳ್ಳುವ ಆಸ್ಪತ್ರೆಯು ತನ್ನ ಚಿಕಿತ್ಸೆಯನ್ನು ಹೊಗಳಿಕೊಂಡಂತೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಪ್ರಕಟಿಸಿದ ಶಿಕ್ಷಣ ಕುರಿತ ಘೋಷಣೆಯಲ್ಲಿ, ಬಡವರ, ಕುಟುಂಬದ ಆಸರೆಯಿಲ್ಲದವರ ಹಾಗೂ ಕ್ರೈಸ್ತರಲ್ಲದವರ ಅಗತ್ಯಗಳಿಗೆ ಕಥೋಲಿಕ ಶಾಲೆಗಳು ವಿಶೇಷವಾಗಿ ಸ್ಪಂದಿಸಬೇಕೆಂದು ಕೇಳಿಕೊಂಡಿದೆ. ಅಲ್ಪಸಂಖ್ಯಾತರಿಗೆ ಸಂವಿಧಾನದ 30ನೇ ವಿಧಿ ನೀಡಿರುವ ಹಕ್ಕಿಗೆ ನಮ್ಮ ಪಾಲಿನ ಅರ್ಥ ಬರುವುದೂ ಇಂಥ ಸೇವೆಯಿಂದಲೇ.

ಪ್ರಾಂಶುಪಾಲರ ಕಷ್ಟವೂ ನಿಜ. ಅನುದಾನವಿಲ್ಲದ ಕಾಲೇಜಿನಲ್ಲಿ ಉಪನ್ಯಾಸಕರ ವೇತನವು ಶುಲ್ಕದಿಂದಲೇ ಬರಬೇಕು. ನೀಟ್, ಸಿಇಟಿ ರ‍್ಯಾಂಕುಗಳ ಫಲಕವನ್ನು ನೋಡಿಯೇ ಕಾಲೇಜನ್ನು ಆರಿಸುವವರು ಪೋಷಕರಾದ ನಾವೇ. ಆದ್ದರಿಂದ ದೋಷ ಒಬ್ಬರದಲ್ಲ, ಪರಿಹಾರವೂ ಒಬ್ಬರಿಂದಾಗದು.

ಹತ್ತಿರದ ಆದರ್ಶಗಳು ನಮಗಿವೆ. ನೆರೆಯ ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ಯೇಸುಸಭೆಯ ಗುರುಗಳು ದಲಿತ ಮಕ್ಕಳ ಶಿಕ್ಷಣಕ್ಕಾಗಿ ದುಡಿಯುತ್ತಿದ್ದಾರೆ. ಕೊಪ್ಪಳದ ಗವಿಮಠವು ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಉಚಿತವಾಗಿ ಅನ್ನ, ವಸತಿ ನೀಡುತ್ತಿದೆ. ಒಳ್ಳೆಯದನ್ನು ನೆರೆಮನೆಯವರಿಂದ ಕಲಿಯಲು ನಾವು ಸಂಕೋಚಪಡಬೇಕಾಗಿಲ್ಲ.

ನಾವು ಮಾಡಬಹುದಾದುದೇನು? ಕನ್ನಡ ಮಾಧ್ಯಮದಿಂದ ವಿಜ್ಞಾನಕ್ಕೆ ಬರುವ ಮಕ್ಕಳಿಗೆ ತರಗತಿ ಆರಂಭವಾಗುವ ಮುನ್ನ ಐದಾರು ವಾರಗಳ ಸೇತುಬಂಧ ಪಾಠವನ್ನು ಪ್ರತಿ ಕಥೋಲಿಕ ಕಾಲೇಜೂ ನಡೆಸಲಿ. ಧರ್ಮಕೇಂದ್ರಗಳಲ್ಲಿಯೂ ನಿವೃತ್ತ ಶಿಕ್ಷಕರು ಬೇಸಿಗೆ ರಜೆಯಲ್ಲಿ ಈ ಕೆಲಸವನ್ನು ಕೈಗೊಳ್ಳಬಹುದು. ತಂದೆತಾಯಂದಿರು ಮಕ್ಕಳ ವ್ಯಾಸಂಗದ ದಾಖಲೆಗಳನ್ನು ಜೋಪಾನವಾಗಿಟ್ಟುಕೊಂಡು, ಸಹಾಯಕ ಆಯುಕ್ತರ ಕಚೇರಿಯಿಂದ 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಸಕಾಲದಲ್ಲಿ ಪಡೆಯಲಿ. 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯನ್ವಯ 2013ರಲ್ಲಿ ಹೊರಟ ಆದೇಶವು ಕಲ್ಯಾಣ ಕರ್ನಾಟಕದ ಉನ್ನತ ಶಿಕ್ಷಣ ಸಂಸ್ಥೆಗಳ ಸರ್ಕಾರಿ ಸೀಟುಗಳಲ್ಲಿ ಶೇಕಡಾ 70ನ್ನೂ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8ನ್ನೂ ಇಲ್ಲಿನವರಿಗೆ ಮೀಸಲಿಟ್ಟಿದೆ. ಆದರೆ ಈ ಸೌಲಭ್ಯ ಕಾದಿರುವುದು ನದಿಯ ಆಚೆಯ ದಡದಲ್ಲಿ. ಪಿಯುಸಿಯ ಎರಡು ವರ್ಷಗಳನ್ನು ದಾಟಲಾಗದ ಮಗುವಿಗೆ ಆ ಮೀಸಲು ಸೀಟು ನಿಷ್ಪ್ರಯೋಜಕ.

ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರುಬನ ಸಾಮತಿಯನ್ನು ನಾವು ಚರ್ಚಿನಲ್ಲಿ ಭಕ್ತಿಯಿಂದ ಆಲಿಸುತ್ತೇವೆ. ಆ ಒಂದು ಕುರಿ ನಮ್ಮ ಊರಿನಿಂದಲೇ ಬಸ್ಸು ಹತ್ತಿ ಹೋಗಿರಬಹುದು ಎಂಬುದು ನೆನಪಿರಲಿ.

ಶಿಫಾರಸು ಪತ್ರಗಳನ್ನು ನಾನು ಈಗಲೂ ಬರೆಯುತ್ತೇನೆ. ಕೊನೆಯಲ್ಲಿ ಎರಡು ಸಾಲು ಹೆಚ್ಚಿಗೆ ಸೇರಿಸುತ್ತೇನೆ: ಈ ಮಗು ಕನ್ನಡದಲ್ಲಿ ಕಲಿತು ಬಂದಿದೆ, ಮೊದಲ ಮೂರು ತಿಂಗಳು ದಯಮಾಡಿ ಕೈಹಿಡಿದು ನಡೆಸಿರಿ. ದಸರಾ ರಜೆ ಬರುವವರೆಗೆ ಕಾಯದೆ, ಜುಲೈ ತಿಂಗಳಲ್ಲಿಯೇ ಆ ಮಗುವಿಗೆ ಫೋನು ಮಾಡಿ, ಪಾಠ ತಿಳಿಯುತ್ತಿದೆಯೇ ಎಂದು ಕೇಳುತ್ತೇನೆ.