ತುಕ್ಕಿನ ತಲೆಮಾರುಗಳು

ಸಕಲೇಶಪುರದಿಂದ ಮೂಡಿಗೆರೆ ದಾರಿ ಹಿಡಿದರೆ ಸಿಗುವ ಹಾನುಬಾಳಿನ ಸುತ್ತ ಅರೇಬಿಕಾ ಬೆಳೆಯುವವರನ್ನು ಮಾತಿಗೆಳೆಯಿರಿ, ತುಕ್ಕು ರೋಗದ ಸುದ್ದಿ ಬಂದೇ ಬರುತ್ತದೆ. ಮಳೆ ಹಿಂಜರಿದ ಮೇಲೆ ಎಲೆ ಮಗುಚಿ ನೋಡಿದರೆ ಕಿತ್ತಳೆ ಬಣ್ಣದ ಹುಡಿ ಬೆರಳಿಗೆ ಹತ್ತುತ್ತದೆ. ಅದರ ಕಣಕಣವೂ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದ ಬೀಜಕ. 1869ರಲ್ಲಿ ಸಿಂಹಳದಲ್ಲಿ ಗುರುತಿಸಿದ ಈ ರೋಗ ಅಲ್ಲಿನ ಕಾಫಿಯನ್ನು ನೆಲಕಚ್ಚಿಸಿ, ದ್ವೀಪವನ್ನೇ ಚಹಾದತ್ತ ತಿರುಗಿಸಿತು. ನಮ್ಮ ಬೆಟ್ಟಗಳಿಗೆ ಬರಲು ಅದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ.

ಕಾಫಿ ಗಿಡಕ್ಕೆ ರಕ್ತವಿಲ್ಲ, ರೋಗಾಣುವನ್ನು ಹುಡುಕಿ ಸುತ್ತುವ ಬಿಳಿ ರಕ್ತಕಣಗಳಿಲ್ಲ. ಒಂದೊಂದು ಜೀವಕೋಶವೂ ತನ್ನ ಕಾವಲು ತಾನೇ ಕಾಯಬೇಕು. ನೀರಹನಿಯಲ್ಲಿ ಮೊಳೆತ ಬೀಜಕ ಎಲೆಯಡಿಯ ಪತ್ರರಂಧ್ರದಿಂದ ಒಳನುಗ್ಗುತ್ತದೆ. ಜೀವಕೋಶ ಅದರ ಗುರುತು ಹಿಡಿದರೆ ತಾನೇ ಸಾಯುತ್ತದೆ. ಬದುಕಿರುವ ಕೋಶದಿಂದಷ್ಟೇ ಉಣ್ಣಬಲ್ಲ ಶಿಲೀಂಧ್ರ ಅಲ್ಲಿಗೆ ಉಪವಾಸ ಬೀಳುತ್ತದೆ. ಕೆಲವು ಕೋಶ ಹೋಗುತ್ತವೆ, ಎಲೆ ಉಳಿಯುತ್ತದೆ. ಗುರುತು ಹಿಡಿಯುವ ಈ ಶಕ್ತಿ ವಂಶವಾಹಿಯಲ್ಲಿದೆ. ಹುಟ್ಟಿನಿಂದ ಬರಬೇಕೇ ಹೊರತು ಲಸಿಕೆ ಹಾಕಿ ಕೊಡಲಾಗದು.

ತೊಡಕು ಇಲ್ಲೇ ಇದೆ. 1911ರ ಸುಮಾರಿಗೆ ಮೈಸೂರು ಸೀಮೆಯ ದೊಡ್ಡೇನಗುಡ್ಡ ಎಸ್ಟೇಟಿನಲ್ಲಿ ಎಲ್.ಪಿ. ಕೆಂಟ್ ಎಂಬ ತೋಟಗಾರರು ತುಕ್ಕು ಹತ್ತದ ಗಿಡಗಳನ್ನು ಆರಿಸಿದರು. ಅವುಗಳಿಂದ ಬಂದ ‘ಕೆಂಟ್ಸ್’ ತಳಿ ತೋಟದಿಂದ ತೋಟಕ್ಕೆ ಹಬ್ಬಿತು. ಕೆಲವು ವರ್ಷ ಕಳೆದ ಮೇಲೆ ಅದಕ್ಕೂ ತುಕ್ಕು ಹಿಡಿಯಿತು. ಗಿಡ ಬದಲಾಗಿರಲಿಲ್ಲ, ತುಕ್ಕು ಬದಲಾಗಿತ್ತು. ಕೋಟ್ಯಂತರ ಬೀಜಕಗಳಲ್ಲಿ ಕೆಂಟ್ಸ್‌ನ ಕಾವಲಿಗೆ ಸಿಗದ ಕೆಲವೇ ಬೀಜಕಗಳು ಉಳಿದು, ಎದುರಾಳಿಯಿಲ್ಲದೆ ಹೆಚ್ಚಿದ್ದವು. ನೋಡಲು ಒಂದೇ ಆದ ತುಕ್ಕಿನಲ್ಲಿ ಹಲವು ಬಗೆಗಳಿವೆಯೆಂದು 1930ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ತೋರಿಸಿಕೊಟ್ಟವರು ವಿಲ್ಸನ್ ಮೇಯ್ನ್. ಡಾರ್ವಿನ್ ಹೇಳಿದ ವಿಕಾಸವನ್ನು ನೋಡಲು ಪಳೆಯುಳಿಕೆ ಅಗೆಯಬೇಕಿಲ್ಲ, ಕಾಫಿ ಎಲೆ ಸಾಕು.

ಮುಂದೆ ಕೆಂಟ್ಸ್ ಜೊತೆ ಎಸ್.288 ಎಂಬ ತಳಿ ಕೂಡಿಸಿ ಎಸ್.795 ಬಂತು. ಎಸ್.288ರ ಮೂಲ ಅರೇಬಿಕಾ–ಲಿಬೆರಿಕಾಗಳ ಸಹಜ ಬೆರಕೆ. ಪರಜಾತಿಯಿಂದ ಬಂದ ಆ ವಂಶವಾಹಿಯೂ ಕೊನೆತನಕ ತಡೆಯಲಿಲ್ಲ. ಟಿಮೋರ್ ದ್ವೀಪದ ಅರೇಬಿಕಾ–ರೋಬಸ್ಟಾ ಬೆರಕೆಯಿಂದ 1980ರ ದಶಕದಲ್ಲಿ ಬಂದ ‘ಕಾವೇರಿ’ಯದೂ ಅದೇ ಕತೆ. ಹಾಗಾಗಿ ‘ಯಾವ ತಳಿಗೆ ತುಕ್ಕು ಬರಲ್ಲ?’ ಎಂದು ಕೇಳುವುದಕ್ಕಿಂತ ‘ಎಷ್ಟು ವರ್ಷ ಬರಲ್ಲ?’ ಎಂದು ಕೇಳುವುದು ಸರಿ ಎನಿಸುತ್ತದೆ. ಅರೇಬಿಕಾಕ್ಕೆ ಇನ್ನೊಂದು ಕಷ್ಟವೂ ಇದೆ. ರೋಬಸ್ಟಾ ಕಾಯಿಕಟ್ಟಲು ಬೇರೆ ಗಿಡದ ಪರಾಗ ಬೇಕೇಬೇಕು. ಅರೇಬಿಕಾ ತನ್ನದರಲ್ಲೇ ಮುಗಿಸಿಕೊಳ್ಳುತ್ತದೆ. ಹೀಗಾಗಿ ಅದರ ತೋಟದ ತುಂಬ ಹೆಚ್ಚುಕಡಿಮೆ ಒಂದೇ ಕಾವಲು; ಒಂದು ಗಿಡವನ್ನು ಗೆದ್ದ ತುಕ್ಕಿಗೆ ಉಳಿದವು ಬಾಗಿಲು ತೆರೆದಂತೆಯೇ.

ಆದ್ದರಿಂದ ತಳಿಯೊಂದನ್ನೇ ನಂಬಬಾರದು. ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಸರಿಯಾಗಿ ಆದರೆ ಎಲೆ ಬೇಗ ಒಣಗುತ್ತದೆ, ಬೀಜಕ ಮೊಳೆಯಲು ಬೇಕಾದ ತೇವ ಸಿಗುವುದಿಲ್ಲ. ಹಾಗೆಂದು ನೆರಳನ್ನೇ ತೆಗೆದರೆ ಬಿಳಿ ಕಾಂಡಕೊರಕ ಕಾದಿರುತ್ತದೆ, ಅದಕ್ಕೆ ಬಿಸಿಲೇ ಇಷ್ಟ. ತುಕ್ಕನ್ನೇ ತಿನ್ನುವ ಬಿಳಿ ಬೂಷ್ಟೂ ಕಾಫಿಯಲ್ಲಿದೆ. ಹಸಿರು ಶಲ್ಕಕೀಟದ ಮೇಲೂ ಬೆಳೆಯುವ ಅದು ನಮ್ಮ ಪಾಲಿನ ನೆಂಟ. ಆದರೆ ಅದೂ ಶಿಲೀಂಧ್ರವೇ, ತುಕ್ಕಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಈ ಭೇದ ತಿಳಿಯದು. ಬೋರ್ಡೋ ಬಿಡಿ ಎನ್ನಲಾರೆ, ಮಳೆಗಾಲಕ್ಕೆ ಮುಂಚೆ ಅದಿಲ್ಲದೆ ಆಗದು. ಹೊಡೆಯುವಾಗ ಮಾತ್ರ ನಾಜಲ್ ಎಲೆಯಡಿಗೆ ತಿರುಗಿರಲಿ, ಪತ್ರರಂಧ್ರಗಳಿರುವುದು ಅಲ್ಲೇ.