ಒಲೆಗೆ ಯಾವ ಕಟ್ಟಿಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳಲ್ಲಿ ಗ್ಯಾಸ್ ಬಂದರೂ ಬಚ್ಚಲೊಲೆ ಆರಿಲ್ಲ. ಬೆಟ್ಟದಿಂದ ಕಟ್ಟಿಗೆ ತರುವಾಗ ಹೊಲಗೇರನ್ನು ಗುರುತಿಸಿ, ದೂರವಿಡಿ. ಕಡಿದಲ್ಲಿ ಒಸರುವ ಇದರ ಸೊನೆ ಗಾಳಿ ತಾಗಿ ಕಪ್ಪಾಗುತ್ತದೆ. ಮೈಗೆ ತಾಗಿದರೆ ತುರಿಕೆ, ಬಾವು, ನೀರುಗುಳ್ಳೆ ಏಳಬಹುದು. ಉರಿಸಿದರೆ ಹೊಗೆಯೂ ಕಣ್ಣು, ಗಂಟಲನ್ನು ಕೆಣಕಬಹುದು. ಸೊನೆ ತಾಗಿದ ಕೂಡಲೇ ಸೋಪು ಹಚ್ಚಿ ತೊಳೆಯಿರಿ. ಮುಖ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಮತ್ತಿ, ಜಂಬೆಯಂಥ ಗಟ್ಟಿ ಕಟ್ಟಿಗೆ ನಿಧಾನವಾಗಿ ಉರಿದು ಒಳ್ಳೆಯ ಕೆಂಡ ಕೊಡುತ್ತದೆ. ಆದರೆ ಯಾವ ಮರದ್ದೇ ಇರಲಿ, ಹಸಿಯಾಗಿದ್ದರೆ ಹೊಗೆಯೇ ಹೆಚ್ಚು. ವರ್ಷಗಟ್ಟಲೆ ಆ ಹೊಗೆ ಕುಡಿದ ಗೃಹಿಣಿಗೆ, ಬೀಡಿ ಮುಟ್ಟದಿದ್ದರೂ, ಶ್ವಾಸಕೋಶದ ಕಾಯಿಲೆ ಬರಬಹುದು. ಕಟ್ಟಿಗೆಯನ್ನು ಸೀಳಿ, ಮಳೆಗಾಲಕ್ಕೆ ಮೊದಲೇ ಒಣಗಿಸಿಡಿ. ತುದಿ ಬಿರಿದು, ಎರಡು ತುಂಡು ಬಡಿದಾಗ ‘ಠಣ್’ ಎಂದರೆ ಒಣಗಿದೆ. ಸದ್ದು ಮಂಕಾಗಿದ್ದರೆ ಇನ್ನಷ್ಟು ಬಿಸಿಲು ಬೇಕು.