ಗರ್ಭಿಣಿಯ ತೂಕ ಮತ್ತು ಮನೆಯ ಪಂಕ್ತಿ

ಕೂಸು ದೊಡ್ಡದಾದರೆ ಹೆರಿಗೆ ಕಷ್ಟವೆಂದು ಬಸುರಿ ಸೊಸೆಗೆ ಅರ್ಧ ರೊಟ್ಟಿ ಕಡಿಮೆ ಬಡಿಸುವ ಹಿರಿಯರು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ. ಅವರ ಕಾಳಜಿ ನಿಜವಾದುದೇ. ಆದರೆ ಇದರಿಂದ ಹೆರಿಗೆ ಸುಗಮವಾಗದು. ತಾಯಿ ನಿತ್ರಾಣಳಾಗುವಳು, ಕೂಸು ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಸಂಭವ ಹೆಚ್ಚುವುದು.

ಸಾಧಾರಣ ಮೈಕಟ್ಟಿನವಳು ಒಂಬತ್ತು ತಿಂಗಳಲ್ಲಿ 10ರಿಂದ 12 ಕಿಲೋ ಹೆಚ್ಚಬೇಕೆಂದು ನಮ್ಮ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಕೃಶಳಾದವಳು ಇದಕ್ಕಿಂತ ಹೆಚ್ಚು, ಸ್ಥೂಲಕಾಯದವಳು ಕಡಿಮೆ ಹೆಚ್ಚಿದರೆ ಸರಿ. ಇದೆಲ್ಲವೂ ಕೊಬ್ಬಲ್ಲ. ಕೂಸು, ಮಾಸು, ಗರ್ಭಜಲ, ವೃದ್ಧಿಸಿದ ರಕ್ತ ಎಲ್ಲವೂ ಅದರಲ್ಲಿ ಸೇರಿವೆ.

ತೂಕವನ್ನು ನಿರ್ಧರಿಸುವ ಕಾರಣಗಳಲ್ಲಿ ಮೊದಲನೆಯದು ಗರ್ಭ ನಿಲ್ಲುವ ಮುನ್ನಿನ ದೇಹಸ್ಥಿತಿ. ತಾನೇ ಇನ್ನೂ ಬೆಳೆಯುತ್ತಿರುವ ಎಳೆಯ ಹುಡುಗಿ ಬಸುರಿಯಾದರೆ ಆಹಾರಕ್ಕೆ ಇಬ್ಬರು ಪಾಲುದಾರರು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ಭಾಗವಹಿಸಿದ್ದ ‘ವುಮೆನ್ ಫಸ್ಟ್’ ಅಧ್ಯಯನವು ಭಾರತ, ಪಾಕಿಸ್ತಾನ, ಕಾಂಗೋ, ಗ್ವಾಟೆಮಾಲಾಗಳಲ್ಲಿ ನಡೆಯಿತು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಗರ್ಭಧಾರಣೆಗೆ ಮುನ್ನ ಅಥವಾ ಮೊದಲ ಮೂರು ತಿಂಗಳ ಕೊನೆಯಿಂದ ಪೂರಕ ಪೋಷಣೆ ಪಡೆದವರ ಶಿಶುಗಳು, ಪಡೆಯದವರ ಶಿಶುಗಳಿಗಿಂತ ಉದ್ದವಾಗಿದ್ದವು. ಹಾಗಾದರೆ ಕಾಳಜಿಯನ್ನು ಕುಬುಸದ ದಿನದವರೆಗೆ ಕಾಯಿಸುವುದೇಕೆ?

ಇನ್ನೊಂದು ಕಾರಣ ಅಡುಗೆಮನೆಯಲ್ಲಿದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಒಕ್ಕಲು ಮನೆಗಳಲ್ಲಿ ಕಬ್ಬಿನ ಸುಗ್ಗಿಯ ದಿನ ಸೊಸೆಯಾದವಳು ಎಲ್ಲರಿಗೂ ಬುತ್ತಿ ಕಟ್ಟಿ, ನೀರು ತಂದು, ಕಡೆಗೆ ಉಳಿದುದನ್ನು ಉಣ್ಣುವಳು. ದುಡಿಮೆ ಹೆಚ್ಚು, ಊಟ ಕಡಿಮೆ. ಅದರ ಮೇಲೆ ಶ್ರಾವಣ ಸೋಮವಾರದ ಉಪವಾಸ. ಬಾಣಂತಿಗೆ ಅಂಟಿನುಂಡೆ, ಗೋಕಾಕದ ಕರದಂಟು ಕೊಡಲು ಮುಂದಾಗುವ ನಾವು ಬಸುರಿಯ ಗಂಗಾಳದಲ್ಲಿ ಲೆಕ್ಕ ಹಿಡಿಯುವುದು ವಿಚಿತ್ರವೇ ಸರಿ. ಅವಳನ್ನು ಮೊದಲ ಪಂಕ್ತಿಯಲ್ಲಿ ಕೂಡಿಸಿರಿ. ಜೋಳದ ರೊಟ್ಟಿ, ಹೆಸರುಕಾಳು, ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇವು ದುಬಾರಿಯವಲ್ಲ. ವಾಕರಿಕೆಯಿದ್ದರೆ ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಉಣ್ಣಲಿ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಆಹಾರ ದೊರೆಯಿತೆಂದು ಮನೆಯ ಊಟವನ್ನು ಕಡಿತಗೊಳಿಸುವುದು ಸಲ್ಲದು.

ತೂಕವೇರಿತೆಂದು ಯಾವಾಗಲೂ ಹಿಗ್ಗಬೇಕಾಗಿಲ್ಲ. ಕೆಲವೇ ದಿನಗಳಲ್ಲಿ ಒಮ್ಮೆಲೇ ಏರಿ, ಮುಖ ಕೈಗಳು ಬಾತು, ತಲೆನೋವು, ಕಣ್ಣು ಮಂಜಾಗುವಿಕೆ ಕಂಡರೆ ಅದು ರಕ್ತದೊತ್ತಡದ ಸೂಚನೆಯಾಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಿತಿಮೀರಿ ದಪ್ಪಗಾದವರಲ್ಲಿ ಸಕ್ಕರೆ ಕಾಯಿಲೆಯ ಭಯವೂ ಉಂಟು.

ಚೊಚ್ಚಲು ಹೆರಿಗೆಗೆ ತವರಿಗೆ ಕಳುಹಿಸುವಾಗ ಸೀರೆ, ಬುತ್ತಿಗಳೊಡನೆ ತಾಯಿ ಕಾರ್ಡನ್ನೂ ಮರೆಯದೆ ಕೊಡಿರಿ. ತಿಂಗಳು ತಿಂಗಳಿನ ತೂಕ ಅದರಲ್ಲಿ ಬರೆದಿರುತ್ತದೆ. ಅದಿಲ್ಲದಿದ್ದರೆ ತೂಕ ಏರಿತೋ ಇಳಿಯಿತೋ ಎಂಬುದು ತವರೂರಿನ ದಾದಿಗೆ ತಿಳಿಯುವ ಬಗೆಯಿಲ್ಲ.